ಸಹಾಯ ಬೇಕು: ಅಮ್ಮನ ಜೊತೆ ಅಲ್‌ಉಲಾ ಪ್ರವಾಸ

ಎಲ್ಲರಿಗೂ ನಮಸ್ಕಾರ. ನಾನು ರಿಯಾದ್‌ನಲ್ಲಿ ಕೆಲಸ ಮಾಡ್ತೀನಿ. ಜನವರಿಯಲ್ಲಿ ಅಮ್ಮ ಊರಿಂದ ಬರುತ್ತಿದ್ದಾರೆ. ಅವರನ್ನು ಸೌದಿಯ ವಾಯುವ್ಯದಲ್ಲಿರುವ ಮರುಭೂಮಿ ಊರು ಅಲ್‌ಉಲಾಗೆ ಕರೆದುಕೊಂಡು ಹೋಗಬೇಕು ಅಂತ ತುಂಬಾ ಆಸೆ.

ಸುಗಂಧ ಧೂಪ ಹೊತ್ತ ಒಂಟೆಗಳ ಸಾಲು ದಕ್ಷಿಣ ಅರೇಬಿಯಾದಿಂದ ಉತ್ತರಕ್ಕೆ ಹೋಗುವಾಗ ನೀರಿಗೆ ನಿಲ್ಲುತ್ತಿದ್ದ ಜಾಗ ಅದು. ಈಗಲೂ ಖರ್ಜೂರದ ತೋಟಗಳಿವೆ. ಪಕ್ಕದಲ್ಲೇ ಬಂಡೆಯಲ್ಲಿ ಕೊರೆದ ಸಮಾಧಿಗಳಿರುವ ಪ್ರಾಚೀನ ನಗರ ಹೆಗ್ರಾ. 2008ರಲ್ಲಿ ಸೌದಿಯ ಮೊದಲ ವಿಶ್ವ ಪರಂಪರೆಯ ತಾಣವಾಗಿದ್ದು ಅದೇ.

ಅಮ್ಮ ಬಾದಾಮಿಯವರು. ಗುಹೆಗಳ ಕೆಂಪು ಕಲ್ಲು ನೋಡುತ್ತಲೇ ಬೆಳೆದವರು. ಸುಮಾರು ಎರಡು ಸಾವಿರ ವರ್ಷಗಳ ಹಿಂದೆ ಇಲ್ಲಿದ್ದ ನಬಾಟಿಯನ್ನರು ಹೆಗ್ರಾದಲ್ಲಿ ಒಂದೇ ಬಂಡೆಯಲ್ಲಿ ಕೊರೆದ ಕಸ್ರ್ ಅಲ್ ಫರೀದ್ ಸಮಾಧಿಯ ಫೋಟೋ ಕಳಿಸಿದ್ದೆ. ಮೇಲೆಲ್ಲ ನುಣುಪು, ಕೆಳಗೆ ಬರ್ತಾ ಬರ್ತಾ ಉಳಿಯ ಒರಟು ಗುರುತು, ಕೆಲಸ ಅರ್ಧಕ್ಕೇ ನಿಂತಿದೆ. "ಮೇಲಿಂದ ಕೆಳಗೆ ಕೆತ್ತಿದಾರೆ, ಅಲ್ವಾ?" ಅಂತ ಅಮ್ಮನೇ ಹೇಳಿದರು. ಅವತ್ತೇ ಹೋಗೋದು ಅಂತ ತೀರ್ಮಾನ ಮಾಡಿಬಿಟ್ಟೆ.

ಆದರೆ ಅವರಿಗೆ 66 ವರ್ಷ, ಮಂಡಿ ನೋವು ಜಾಸ್ತಿ. ಹೆಗ್ರಾ ಒಳಗೆ ಬಸ್ಸಿನಲ್ಲಿ ಸುತ್ತಿಸುತ್ತಾರೆ ಅಂತ ಗೊತ್ತು. ಇಳಿದ ಮೇಲೆ ಮರಳಲ್ಲಿ ಎಷ್ಟು ನಡೆಯಬೇಕು? ಮಣ್ಣಿನ ಮನೆಗಳ ಹಳೇ ಊರಿನಲ್ಲಿ ಮೆಟ್ಟಿಲು ಜಾಸ್ತಿ ಇದೆಯಾ? ಹತ್ತಿರದ ಜಬಲ್ ಇಕ್ಮಾ ಬೆಟ್ಟದ ಪ್ರಾಚೀನ ಬಂಡೆ ಬರಹಗಳನ್ನು ಕೆಳಗಿಂದಲೇ ನೋಡಬಹುದಾ? ಎರಡು ರಾತ್ರಿ ಸಾಕಾ?

ಅಮ್ಮ ಶುದ್ಧ ಸಸ್ಯಾಹಾರಿ. ಒಂದು ಚಿಕ್ಕ ಕುಕ್ಕರ್ ಒಯ್ಯಲಾ? ವಯಸ್ಸಾದವರನ್ನು ಕರೆದುಕೊಂಡು ಹೋಗಿ ಬಂದವರು ದಯವಿಟ್ಟು ತಿಳಿಸಿ. ಮುಂದಿನ ವಾರ ಟಿಕೆಟ್ ಮಾಡಿಸಬೇಕು.