ಬಣ್ಣ ಹಚ್ಚಿದರೆ ದುಃಖ ಇಲ್ಲ ಅಂತಲಾ?

ಪ್ರಶ್ನೆ (ಮೂಲ್ಕಿ ಕಡೆಯವರು, ಹೆಸರು ಬೇಡ ಅಂದಿದ್ದಾರೆ):
ಮೇಡಂ, ನನ್ನ ಭಾವ ಯಕ್ಷಗಾನ ಮೇಳದಲ್ಲಿ ಬಣ್ಣದ ವೇಷ, ಅಂದರೆ ರಾಕ್ಷಸ ಪಾತ್ರ, ಮಾಡುತ್ತಾರೆ. ನಮ್ಮ ಕಡೆ ಅವರನ್ನು ಗೊತ್ತಿಲ್ಲದವರು ಕಡಿಮೆ. ಜನವರಿಯಲ್ಲಿ ಅಕ್ಕ ತೀರಿಕೊಂಡಳು. ಉತ್ತರಕ್ರಿಯೆ ಮುಗಿದು ನಾಲ್ಕನೇ ದಿನಕ್ಕೆ ಭಾವ ರಾವಣ ಆಗಿ ರಂಗಸ್ಥಳದಲ್ಲಿದ್ದರು. ಆ ವಿಡಿಯೋ ವಾಟ್ಸಾಪ್‌ನಲ್ಲೆಲ್ಲ ಓಡಾಡಿತು. ಕೆಲವರು ‘ಎಂಥ ಗಟ್ಟಿ ಜನ’ ಅಂದರು. ಕೆಲವರು ‘ಚಿತೆಯ ಬೂದಿ ಆರಿಲ್ಲ, ಆಗಲೇ ಕುಣಿತವಾ’ ಅಂದರು. ನಿಜ ಹೇಳಬೇಕಂದ್ರೆ ನನಗೂ ಸಿಟ್ಟಿದೆ. ಅವರು ಅತ್ತದ್ದನ್ನು ನಾನು ಒಮ್ಮೆಯೂ ನೋಡಿಲ್ಲ. ಇವರಿಗೆ ದುಃಖವೇ ಆಗುವುದಿಲ್ವಾ?

ಉತ್ತರ (ಆಪ್ತಸಮಾಲೋಚಕಿ, ಮಂಗಳೂರು):
ಸಿಟ್ಟು ಬರುತ್ತದೆ. ಅಕ್ಕನನ್ನು ಕಳಕೊಂಡವರು ನೀವೂ ಅಲ್ವಾ?

ಆದರೆ ಒಂದು ದಿನ ಚೌಕಿಯಲ್ಲಿ, ಅವರು ಬಣ್ಣ ಹಚ್ಚುವ ಜಾಗದಲ್ಲಿ, ಹೋಗಿ ಕೂತು ನೋಡಿ. ಬಣ್ಣದ ವೇಷಕ್ಕೆ ಮುಖ ಬರೆಯಲು ಗಂಟೆಗಟ್ಟಲೆ ಬೇಕು. ಚುಟ್ಟಿ ಅಂತ ಅಕ್ಕಿಹಿಟ್ಟಿನ ಬಿಳಿ ಚುಕ್ಕಿಗಳನ್ನು ಮುಖದ ಮೇಲೆ ಒಂದೊಂದೇ ಮುಳ್ಳಾಗಿ ಇಡಬೇಕು, ಕೆನ್ನೆ ಅಲ್ಲಾಡುವ ಹಾಗಿಲ್ಲ. ಅಷ್ಟು ಹೊತ್ತು ಯಾರೂ ಬಂದು ‘ಹೇಗಾಯ್ತು, ಯಾವ ಆಸ್ಪತ್ರೆ’ ಅಂತ ಕೇಳುವುದಿಲ್ಲ. ಮನೆಗೆ ಬಂದವರಿಗೆಲ್ಲ ಅದೇ ಕಥೆ ಹೇಳಿ ಹೇಳಿ ಸುಸ್ತಾದವರಿಗೆ ಅದೊಂದು ಬಿಡುವು.

2006ರ ಡಿಸೆಂಬರ್‌ನಲ್ಲಿ ವಿರಾಟ್ ಕೊಹ್ಲಿಯ ತಂದೆ ರಾತ್ರಿ ತೀರಿಕೊಂಡರು. ಬೆಳಿಗ್ಗೆ 18 ವರ್ಷದ ಹುಡುಗ ನಮ್ಮ ಕರ್ನಾಟಕದ ಎದುರಿನ ರಣಜಿ ಪಂದ್ಯಕ್ಕೆ ಮರಳಿ 90 ರನ್ ಹೊಡೆದು, ಆಮೇಲೆ ಅಂತ್ಯಕ್ರಿಯೆಗೆ ಹೋದ. ಸಚಿನ್ 1999ರ ವಿಶ್ವಕಪ್ ನಡುವೆ ತಂದೆಯ ಕ್ರಿಯೆಗೆ ಮುಂಬೈಗೆ ಬಂದು, ವಾಪಸ್ ಹೋಗಿ ಕೀನ್ಯಾ ವಿರುದ್ಧ ಔಟಾಗದೆ 140 ಮಾಡಿದರು. ಇವನ್ನೆಲ್ಲ ನಾವು ಛಲದ ಕಥೆ ಮಾಡಿಬಿಟ್ಟಿದ್ದೇವೆ. ನನಗೆ ಅದು ಅಷ್ಟು ಇಷ್ಟ ಇಲ್ಲ. ರನ್ ಬಾರದಿದ್ದರೆ ಪ್ರೀತಿ ಕಡಿಮೆ ಅಂತ ಆಗ್ತಿತ್ತಾ?

ನನ್ನನ್ನು ಜಾಸ್ತಿ ಕಾಡುವುದು ಶಿವಣ್ಣ. 2021ರ ಅಕ್ಟೋಬರ್ 29ಕ್ಕೆ ಪುನೀತ್ ಹೋದರು, ಬರೀ 46 ವರ್ಷ. ‘ಜೇಮ್ಸ್’ ಸಿನಿಮಾದ ಡಬ್ಬಿಂಗ್ ಬಾಕಿ ಇತ್ತು. ತಮ್ಮನ ಪಾತ್ರಕ್ಕೆ ಅಣ್ಣನೇ ದನಿ ಕೊಟ್ಟರು. ಪರದೆ ಮೇಲೆ ತಮ್ಮನ ತುಟಿ ನೋಡುತ್ತಾ ಅದಕ್ಕೆ ಮಾತು ಕೂರಿಸಬೇಕು. ಅದು ದುಃಖ ಮರೆಯುವ ಕೆಲಸವಾ, ದುಃಖಪಡುವ ಕೆಲಸವಾ? ನನಗಂತೂ ಬೇರೆ ಮಾಡಿ ಹೇಳಲು ಬರುವುದಿಲ್ಲ.

ಮಾರ್ಗರೆಟ್ ಸ್ಟ್ರೋಬ್, ಹೆಂಕ್ ಶುಟ್ ಎಂಬ ಸಂಶೋಧಕರು 1999ರಲ್ಲೇ ಇದನ್ನು ವಿವರಿಸಿದ್ದಾರೆ. ಕಳಕೊಂಡವರು ಒಂದೇ ಸಮ ಅಳುತ್ತಾ ಇರುವುದಿಲ್ಲ. ಸ್ವಲ್ಪ ಹೊತ್ತು ನೋವಿನ ಕಡೆ, ಸ್ವಲ್ಪ ಹೊತ್ತು ಬದುಕಿನ ಕಡೆ, ಹೀಗೆ ಹೋಗಿ ಬರುತ್ತಾರೆ. ಜನರ ಕಣ್ಣಿಗೆ ಬಿದ್ದವರ ಕಷ್ಟ ಏನಂದ್ರೆ, ಒಂದು ಕಡೆಯದ್ದು ಮಾತ್ರ ವಿಡಿಯೋ ಆಗುತ್ತದೆ.

ಕಾಮೆಂಟ್ (ಸುರತ್ಕಲ್‌ನಿಂದ):
ಸಿನಿಮಾದವರು ಬೇಕಾದರೆ ವರ್ಷ ರಜೆ ಹಾಕಬಹುದು. ಮೇಳದವರು ಊರೂರಿಗೆ ಆಟಕ್ಕೆ ಹೋಗುವ ತಿರುಗಾಟ ಬಿಟ್ಟರೆ ಮನೆ ಖರ್ಚಿಗೆ ಎಂತ ಮಾಡುವುದು?

ಉತ್ತರ:
ಸರಿಯಾದ ಮಾತು. ನಾನು ಮೊದಲೇ ಬರೆಯಬೇಕಿತ್ತು.

ಪ್ರಶ್ನೆ ಕೇಳಿದವರು:
ಹಾಗಾದರೆ ಸುಮ್ನೆ ಬಿಟ್ಟುಬಿಡುವುದಾ?

ಉತ್ತರ:
ಈಗ ಬಿಡಿ. ಪತ್ತನಾಜೆಗೆ, ಅಂದರೆ ಮೇಳದ ತಿರುಗಾಟ ಮುಗಿಯುವ ದಿನ ಬಂದ ಮೇಲೆ, ಬಿಡಬೇಡಿ. ಮೇ ಕೊನೆಗೆ ಮೇಳ ಗೆಜ್ಜೆ ಬಿಚ್ಚುತ್ತದೆ, ಮತ್ತೆ ತಿರುಗಾಟ ನವೆಂಬರ್‌ಗೆ. ಮಳೆಗಾಲ, ಖಾಲಿ ಮನೆ, ಚೌಕಿಯೂ ಇಲ್ಲ. ಆಗ ನೀವು ಆಗಾಗ ಹೋಗಿ ಬನ್ನಿ, ಊಟದ ಹೊತ್ತಿಗೆ ಹೋದರೆ ಒಳ್ಳೆಯದು. ನಿದ್ದೆ ಪೂರ್ತಿ ಕೆಟ್ಟರೆ, ಕುಡಿತ ಜಾಸ್ತಿಯಾದರೆ, ಆರು ತಿಂಗಳು ಕಳೆದರೂ ದಿನದ ಕೆಲಸಕ್ಕೆ ಏಳಲಾಗದಿದ್ದರೆ ವೈದ್ಯರಿಗೆ ತೋರಿಸಿ. ‘ಬದುಕಿ ಎಂತ ಮಾಡುವುದು’ ಅಂತ ಮಾತು ಬಂದರೆ ಅದೇ ದಿನ ತೋರಿಸಿ, ಒಬ್ಬರನ್ನೇ ಬಿಡಬೇಡಿ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಹಗಲು ರಾತ್ರಿ ಯಾವಾಗ ಬೇಕಾದರೂ ಫೋನ್ ಮಾಡಬಹುದು, ಕನ್ನಡದಲ್ಲೇ ಮಾತಾಡುತ್ತಾರೆ, ದುಡ್ಡಿಲ್ಲ.

ಪ್ರಶ್ನೆ ಕೇಳಿದವರು:
ಆಯ್ತು ಮೇಡಂ. ಭಾವ ಆಟ ಮುಗಿಸಿ ಬಂದ ಕೂಡಲೇ ಅಕ್ಕನ ಮೊಬೈಲ್ ಚಾರ್ಜಿಗೆ ಹಾಕುತ್ತಾರೆ ಅಂತ ಅಮ್ಮ ಮೊನ್ನೆ ಹೇಳಿದರು. ಯಾಕೆ ಅಂತ ನಾನು ಕೇಳಿರಲಿಲ್ಲ.