ತಂಗಿಯನ್ನು ಅಡ್ಮಿಟ್ ಮಾಡಿ ಅಂದಿದ್ದಾರೆ. ಊಟ ಮಾಡಿಸೋಕೆ ಆಸ್ಪತ್ರೆ ಬೇಕಾ?

ಗಂಗಾವತಿ ಅಕ್ಕ:
ತಂಗಿಗೆ 19 ವರ್ಷ. ಬಳ್ಳಾರಿಯಲ್ಲಿ ಹಾಸ್ಟೆಲ್‌ನಲ್ಲಿದ್ದು ಬಿಎಸ್ಸಿ ಓದುತ್ತಿದ್ದಳು. ದೀಪಾವಳಿಗೆ ಬಂದಾಗ ಸ್ವಲ್ಪ ಇಳಿದಿದ್ದಳು, ನೆಂಟರೆಲ್ಲ ಎಷ್ಟು ಚೆಂದ ಆಗಿದ್ದೀಯ ಅಂತ ಹೊಗಳಿದ್ದೇ ಹೊಗಳಿದ್ದು. ಯುಗಾದಿ ಹೊತ್ತಿಗೆ ಬರೀ ಎಲುಬು. ಮುಟ್ಟು ನಿಂತು ಐದು ತಿಂಗಳಾಗಿದೆ. ಈ ಬಿಸಿಲಲ್ಲೂ ಚಳಿ ಅಂತ ಸ್ವೆಟರ್ ಹಾಕುತ್ತಾಳೆ. ಹೋದ ವಾರ ಬಚ್ಚಲಲ್ಲಿ ತಲೆ ಸುತ್ತಿ ಬಿದ್ದಳು.

ನನಗೆ ತಿಳಿಯದ್ದು ಏನಂದ್ರೆ, ಮನೆಯ ಅಡುಗೆ ಎಲ್ಲ ಅವಳದೇ. ಶೇಂಗಾ ಹೋಳಿಗೆ ಮಾಡಿ ನಮಗೆಲ್ಲ ಬಡಿಸಿ, ನಾವು ತಿನ್ನೋದನ್ನೇ ನೋಡುತ್ತಾ ಕೂರುತ್ತಾಳೆ, ಕೇಳಿದರೆ ನಾನು ಆಗಲೇ ತಿಂದೆ ಅಂತಾಳೆ. ರಾತ್ರಿ ಪೂರ್ತಿ ಅಡುಗೆ ವಿಡಿಯೊ.

ಕೊಪ್ಪಳದ ಡಾಕ್ಟರು ಅನೊರೆಕ್ಸಿಯಾ ಅಂದರು, ದಪ್ಪ ಆಗ್ತೀನಿ ಅನ್ನೋ ಭಯಕ್ಕೆ ಊಟ ಬಿಡುವ ಮನಸ್ಸಿನ ಕಾಯಿಲೆಯಂತೆ. ನಾಡಿ ತುಂಬಾ ನಿಧಾನ ಇದೆ, ಬೆಂಗಳೂರಿನ ನಿಮ್ಹಾನ್ಸ್‌ಗೆ ಕರೆದುಕೊಂಡು ಹೋಗಿ, ಅಡ್ಮಿಟ್ ಮಾಡಿಕೊಳ್ಳಬಹುದು ಅಂದರು. ಹುಚ್ಚಾಸ್ಪತ್ರೆಗೆ ಹಾಕಿದರೆ ನಾಳೆ ಯಾರು ಮದುವೆ ಆಗ್ತಾರೆ ಅಂತ ಅಪ್ಪ ಕೂಗಾಡುತ್ತಿದ್ದಾರೆ. ಅವ್ವ ಹುಲಿಗೆಮ್ಮನಿಗೆ ಹರಕೆ ಹೊತ್ತಿದ್ದಾಳೆ. ಒಳಗೆ ಏನು ಮಾಡ್ತಾರೆ? ಮನೆಯಲ್ಲೇ ಪಕ್ಕದಲ್ಲಿ ಕೂತು ಉಣ್ಣಿಸಿದರೆ ಆಗಲ್ವಾ?

ನಡೆಸುವವರು:
ಅಕ್ಕ ಬರೆದಿದ್ದ ತೂಕದ ಅಂಕಿ ತೆಗೆದಿದ್ದೇವೆ. ಬೇಜಾರಾಗಬೇಡಿ. ಇದೇ ಕಾಯಿಲೆ ಇರುವವರೂ ಇಲ್ಲಿ ಓದುತ್ತಾರೆ, ಅಂಕಿ ಕಂಡರೆ ಅದರ ಜೊತೆ ಪೈಪೋಟಿಗೆ ಬೀಳುತ್ತಾರೆ.

ಮಾನ್ವಿ ಕಾಕಾ:
ನಮ್ಮ ಕಾಲಕ್ಕೆ ಉಣ್ಣಬೇಕು ಅಂದ್ರೆ ಇರಲಿಲ್ಲ, ಈಗ ಇದ್ದರೂ ಉಣ್ಣಲ್ಲ. ಫೋನ್ ಕಸಿದುಕೊಂಡು ನಾಲ್ಕು ದಿನ ಹೊಲಕ್ಕೆ ಕಳಿಸಿ, ತಾನೇ ಹಸಿವಾಗುತ್ತೆ.

ನರ್ಸಕ್ಕ, ರಾಯಚೂರು:
ಕಾಕಾ, ಆ ನಾಡಿ ಇರುವ ಹುಡುಗಿಯನ್ನು ಹೊಲಕ್ಕೆ ಕಳಿಸಿದರೆ ಹೊತ್ತುಕೊಂಡು ಬರಬೇಕಾಗುತ್ತೆ. ದಯವಿಟ್ಟು ಇಂಥ ಸಲಹೆ ಬೇಡ.

ಅಕ್ಕಾ, ಅಡುಗೆ ವಿಷಯ ಮೊದಲು ಹೇಳುತ್ತೇನೆ. 1944-45ರಲ್ಲಿ ಅಮೆರಿಕದ ಮಿನೆಸೋಟಾದಲ್ಲಿ 36 ಜನ ಗಟ್ಟಿಮುಟ್ಟಾದ ಗಂಡಸರು ತಾವಾಗಿಯೇ ಒಪ್ಪಿ ಆರು ತಿಂಗಳು ಅರೆಹೊಟ್ಟೆ ಇದ್ದರು, ಹಸಿವು ಮನುಷ್ಯನನ್ನು ಏನು ಮಾಡುತ್ತೆ ಅಂತ ನೋಡಲು. ಬರಬರುತ್ತಾ ಹಗಲೂ ರಾತ್ರಿ ಊಟದ್ದೇ ಯೋಚನೆ, ಅಡುಗೆ ಪುಸ್ತಕ ಓದೋದು, ಸಿಡುಕು, ಮಂಕು. ಅವರಿಗೆ ತೆಳ್ಳಗಾಗುವ ಹುಚ್ಚೇನೂ ಇರಲಿಲ್ಲ. ಹಸಿದ ಮಿದುಳು ಹಾಗೇ ಆಡುತ್ತೆ. ಅದಕ್ಕೇ ಮೈಗೆ ಊಟ ಹತ್ತುವ ತನಕ ಬರೀ ಬುದ್ಧಿಮಾತು, ಕೌನ್ಸೆಲಿಂಗ್ ಅಷ್ಟಾಗಿ ನಾಟಲ್ಲ.

ಇನ್ನು ಮನೆಯಲ್ಲೇ ಯಾಕೆ ಬೇಡ ಅಂದ್ರೆ, ಹೀಗೆ ಬಡಕಲಾದವರಿಗೆ ಪ್ರೀತಿಯಿಂದ ಒಮ್ಮೆಲೇ ತಟ್ಟೆ ತುಂಬಾ ಉಣ್ಣಿಸಿದರೆ ಜೀವಕ್ಕೇ ಕುತ್ತು ಬರಬಹುದು. ಅನ್ನ, ರೊಟ್ಟಿ, ಸಕ್ಕರೆ ಒಳಗೆ ಹೋದ ಕೂಡಲೇ ಇನ್ಸುಲಿನ್ ಏರುತ್ತೆ, ರಕ್ತದಲ್ಲಿರೋ ಫಾಸ್ಫೇಟ್, ಪೊಟ್ಯಾಶಿಯಂ, ಮೆಗ್ನೀಶಿಯಂ ಎಲ್ಲ ಜೀವಕೋಶಗಳ ಒಳಗೆ ನುಗ್ಗಿಬಿಡುತ್ತೆ, ರಕ್ತದಲ್ಲಿ ಖಾಲಿಯಾದಾಗ ಹೃದಯದ ಬಡಿತ ತಪ್ಪುತ್ತೆ. ರೀಫೀಡಿಂಗ್ ಸಿಂಡ್ರೋಮ್ ಅಂತಾರೆ. ವಾರ್ಡಲ್ಲಿ ಥಯಮಿನ್ ಅಂದ್ರೆ ಬಿ1 ಕೊಟ್ಟು, ಊಟ ಮೆಲ್ಲಗೆ ಏರಿಸುತ್ತಾ, ಆಗಾಗ ರಕ್ತ ಪರೀಕ್ಷೆ, ಇಸಿಜಿ ಮಾಡುತ್ತಿರುತ್ತಾರೆ. ತಲೆ ಸುತ್ತಿ ಬಿದ್ದಿದ್ದಾಳೆ ಅಂದಿರಲ್ಲ, ಬೆಂಗಳೂರಿನ ಮಾತು ಆಮೇಲೆ, ಇವತ್ತೇ ಹತ್ತಿರದ ದೊಡ್ಡ ಆಸ್ಪತ್ರೆಯಲ್ಲಿ ಇಸಿಜಿ, ಪೊಟ್ಯಾಶಿಯಂ ನೋಡಿಸಿ. ಅಪ್ಪನ ಹತ್ತಿರ ಬೇರೆ ಯಾರಾದರೂ ಮಾತಾಡಲಿ ಅನಿಸಿದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ ಇದೆ, 14416, ಕನ್ನಡದಲ್ಲೇ ಮಾತಾಡ್ತಾರೆ, ದುಡ್ಡಿಲ್ಲ.

ಸಿರುಗುಪ್ಪ ಹುಡುಗಿ:
ನಾನು ಆ ವಾರ್ಡಲ್ಲಿ ಇದ್ದು ಬಂದವಳು. ಬೆಂಗಳೂರಿನದೇ ಒಂದು ಆಸ್ಪತ್ರೆ, ಹೆಸರು ಬೇಡ. ಎರಡು ಸಲ.

ಬೆಳಿಗ್ಗೆ ಮುಳ್ಳು ಕಾಣದ ಹಾಗೆ ಬೆನ್ನು ತಿರುಗಿಸಿ ತೂಕಕ್ಕೆ ನಿಲ್ಲಿಸುತ್ತಿದ್ದರು. ಊಟಕ್ಕೆ ಒಬ್ಬ ಸಿಸ್ಟರ್ ಎದುರಿಗೆ ಕೂರುತ್ತಿದ್ದರು, ಬೈಯುತ್ತಿರಲಿಲ್ಲ, ಎದ್ದೂ ಹೋಗುತ್ತಿರಲಿಲ್ಲ, ಅದೇ ಕಷ್ಟ. ಉಂಡ ಮೇಲೆ ಒಂದು ತಾಸು ಬಾತ್‌ರೂಮಿಗೆ ಬಿಡುತ್ತಿರಲಿಲ್ಲ. ಮೊದಲ ವಾರ ಎಲ್ಲರ ಮೇಲೂ ದ್ವೇಷ, ಜಾಸ್ತಿ ಅವ್ವನ ಮೇಲೆ. ನಾನು ಅರ್ಧ ಇಡ್ಲಿಯನ್ನು ಸ್ವೆಟರ್ ತೋಳಲ್ಲಿ ಬಚ್ಚಿಟ್ಟು ಸಿಕ್ಕಿಬಿದ್ದಿದ್ದೇನೆ (ಈಗ ನಗು ಬರುತ್ತೆ, ಅವತ್ತು ಸತ್ತೇ ಹೋಗಬೇಕು ಅನಿಸಿತ್ತು). ಡಯಟಿಷಿಯನ್ ಬ್ರೆಡ್ಡು, ಉಪ್ಪಿಟ್ಟು ಬರೆದುಕೊಟ್ಟಿದ್ದರು. ಮೂರನೇ ವಾರ ನಾನೇ ರೊಟ್ಟಿ ಸಿಗುತ್ತಾ ಅಂತ ಕೇಳಿದೆ, ಅವ್ವ ಕಾರಿಡಾರಿಗೆ ಹೋಗಿ ಅತ್ತು ಬಂದಳು.

ಆದರೆ ಅಕ್ಕ, ಡಿಸ್ಚಾರ್ಜ್ ಅಂದ್ರೆ ವಾಸಿ ಅಂತ ಅಲ್ಲ. ನಾನು ಮನೆಗೆ ಬಂದ ವಾರವೇ ಒಂದು ಮದುವೆ, ಅತ್ತೆ ಬಂದು ಕೆನ್ನೆ ಹಿಂಡಿ, ಈಗ ಮೈ ತುಂಬಿಕೊಂಡಿದ್ದೀಯ ನೋಡು ಅಂದರು. ಪ್ರೀತಿಯಿಂದಲೇ ಅಂದದ್ದು. ಅವತ್ತು ರಾತ್ರಿಯಿಂದ ಮತ್ತೆ ಊಟ ಬಿಟ್ಟೆ, ನಾಲ್ಕು ತಿಂಗಳಲ್ಲಿ ಮತ್ತೆ ಅದೇ ವಾರ್ಡು. ಎರಡನೇ ಸಲ ಡಾಕ್ಟರು ನನಗಿಂತ ಜಾಸ್ತಿ ಅವ್ವ ಅಪ್ಪನಿಗೆ ಕಲಿಸಿದರು: ತಟ್ಟೆಗೆ ಎಷ್ಟು ಅಂತ ಅವ್ವ ಹಾಕೋದು, ಚೌಕಾಸಿ ಇಲ್ಲ, ಮನೆಯಲ್ಲಿ ಯಾರೂ ಯಾರ ಮೈ ಬಗ್ಗೆಯೂ ಮಾತಾಡೋ ಹಾಗಿಲ್ಲ, ಹೊಗಳೋದಕ್ಕೂ ಇಲ್ಲ. ಅಪ್ಪ ನೆಂಟರನ್ನು ಬಾಗಿಲಲ್ಲೇ ತಡೆದು ಹೇಳಿ ಒಳಗೆ ಬಿಡುತ್ತಿದ್ದರು. ನನಗೆ ಔಷಧಿಗಿಂತ ಅದು ಕೆಲಸ ಮಾಡಿತು. ಒಂದು ವರ್ಷ ಹಿಡಿಯಿತು. ನಿಮ್ಮಲ್ಲಿ ದೀಪಾವಳಿಗೆ ಹೊಗಳಿದ ನೆಂಟರಿದ್ದಾರಲ್ಲ, ಅವರಿಗೆ ಈಗಲೇ ಹೇಳಿಡಿ.

ಕಂಪ್ಲಿಯವನು:
ಸಣ್ಣ ವಿಷಯ. ಮನೆಯಲ್ಲಿ ಹೆಲ್ತ್ ಇನ್ಶೂರೆನ್ಸ್ ಇದ್ದರೆ ಪಾಲಿಸಿ ತೆಗೆದು ನೋಡಿ. ಮೈ ಕಾಯಿಲೆಗೆ ಕೊಡುವ ಹಾಗೆ ಮನಸ್ಸಿನ ಕಾಯಿಲೆಗೂ ಕವರ್ ಕೊಡಬೇಕು ಅಂತ 2017ರ ಮಾನಸಿಕ ಆರೋಗ್ಯ ಕಾಯ್ದೆಯಲ್ಲೇ ಇದೆ. ಏಜೆಂಟ್ ಇಲ್ಲ ಅಂದರೆ ಬರವಣಿಗೆಯಲ್ಲಿ ಕೇಳಿ.

ಮಾನ್ವಿ ಕಾಕಾ:
ಗೊತ್ತಿಲ್ಲದೆ ಬರೆದೆ ಮಗಳೇ. ತಪ್ಪಾಯಿತು.

ಗಂಗಾವತಿ ಅಕ್ಕ:
ಎಲ್ಲರಿಗೂ ಥ್ಯಾಂಕ್ಸ್. ಕಾಕಾ, ಪರವಾಗಿಲ್ಲ, ನಮ್ಮ ಅಪ್ಪನೂ ಅದನ್ನೇ ಹೇಳಿದ್ದು. ನರ್ಸಕ್ಕ ಹೇಳಿದ ದಿನವೇ ಟೆಸ್ಟ್ ಮಾಡಿಸಿದೆವು, ಪೊಟ್ಯಾಶಿಯಂ ಕಡಿಮೆ ಬಂತು, ಆರು ದಿನ ಇಲ್ಲೇ ಇಟ್ಟುಕೊಂಡು ಸರಿ ಮಾಡಿದರು. ಈಗ ಪ್ರಯಾಣ ಮಾಡಬಹುದು ಅಂದಿದ್ದಾರೆ. ಇಸಿಜಿ ಕಾಗದ ನೋಡಿದ ಮೇಲೆ ಅಪ್ಪ ಮದುವೆ ಮಾತು ಎತ್ತಿಲ್ಲ, ಕೊಪ್ಪಳದಿಂದ ಹಂಪಿ ಎಕ್ಸ್‌ಪ್ರೆಸ್‌ಗೆ ಮೂರು ಟಿಕೆಟ್ ಅವರೇ ಮಾಡಿಸಿದರು. ತಂಗಿ ಹೂಂ ಅಂದಿಲ್ಲ, ಬರಲ್ಲ ಅಂತಲೂ ಅಂದಿಲ್ಲ. ಜೊತೆಗಿರೋಕೆ ಅವ್ವ ಹೋಗುತ್ತಾಳೆ. ಚೀಲದ ತುಂಬಾ ಖಡಕ್ ರೊಟ್ಟಿ, ಶೇಂಗಾ ಚಟ್ನಿ ಕಟ್ಟಿದ್ದಾಳೆ. ಅವಳಿಗೆ ಈಗಲೇ ಇದೆಲ್ಲ ಕೊಡಬಾರದು ಅವ್ವ ಅಂದೆ. ಅವಳಿಗಲ್ಲ, ನನಗೆ ಅಂದಳು.