ಪದ ಬೇಕು: ಬಡ್ಜಿ ಪಂಜರದ ‘ಪರ್ಚ್’, ‘ಕಟಲ್‌ಬೋನ್’, ‘ನೆಸ್ಟ್ ಬಾಕ್ಸ್’ (ನಾಳೆ ಅಚ್ಚಿಗೆ)

ವಿ. ರಾ.:
ಹಕ್ಕಿ ಅಂಗಡಿಯೊಂದಕ್ಕೆ ಒಂದು ಹಾಳೆಯ ಕರಪತ್ರ ಅನುವಾದಿಸುತ್ತಿದ್ದೇನೆ. ಮೊದಲ ಸಲ ಬಡ್ಜಿ (ಮನೆಯಲ್ಲಿ ಸಾಕುವ ಪುಟ್ಟ ಗಿಳಿ) ಕೊಳ್ಳುವವರಿಗೆ ಪಂಜರದ ಜೊತೆ ಕೊಡುತ್ತಾರಂತೆ. ನಾಳೆ ಮಧ್ಯಾಹ್ನ ಅಚ್ಚಿಗೆ ಹೋಗಬೇಕು. ಸಿಕ್ಕಿಕೊಂಡಿರುವ ಕಡೆಗಳು:

1. ‘ಒಂದು ಹಕ್ಕಿಗೆ ಉದ್ದ, ಅಗಲ, ಎತ್ತರ ಮೂರೂ 45 ಸೆಂ.ಮೀ.ಗೆ ಕಡಿಮೆ ಇರಬಾರದು; ಸರಳುಗಳ ಗ್ಯಾಪ್ 12 ಮಿ.ಮೀ. ದಾಟಬಾರದು.’
2. ‘ಬೇರೆಬೇರೆ ದಪ್ಪದ ಮೂರು ಪರ್ಚ್ ಹಾಕಿ.’ (ಹಕ್ಕಿ ಕೂರುವುದು ಇದರ ಮೇಲೆ.)
3. ‘ಕಟಲ್‌ಬೋನ್ ಸಿಕ್ಕಿಸಿ, ಮೆತ್ತನೆಯ ಮುಖ ಹಕ್ಕಿಯ ಕಡೆಗಿರಲಿ.’ (ಹಕ್ಕಿ ಸುಣ್ಣಕ್ಕೆಂದು ಕೊಕ್ಕಿನಿಂದ ಕೆರೆದು ತಿನ್ನುವ ಬಿಲ್ಲೆ.)
4. ‘ನೆಸ್ಟ್ ಬಾಕ್ಸ್ ಇಡಬೇಡಿ.’
5. ‘ನಾನ್‌ಸ್ಟಿಕ್ ಪಾತ್ರೆಯ ಫ್ಯೂಮ್ಸ್‌ನಿಂದ ದೂರವಿಡಿ.’

ನಿಘಂಟಿನಲ್ಲಿ ಸಿಗುವ ಪದ ಬೇಡ. ಅಂಗಡಿಯಲ್ಲಿ ಕೇಳಿದರೆ ಆ ವಸ್ತುವೇ ಕೈಗೆ ಬರುವಂಥ ಪದ ಬೇಕು.

ಶಾ. ಹೆ.:
1ಕ್ಕೆ ಸಂದು. ‘ಅಂತರ’ ಬೇಡ, ಗೋಡೆಗೂ ಪಂಜರಕ್ಕೂ ಎಷ್ಟು ದೂರ ಎಂದು ಓದಿಕೊಳ್ಳುತ್ತಾರೆ. ಸಂದು ಅಗಲವಾದರೆ ಬಡ್ಜಿ ತಲೆ ತೂರಿಸಿ ಸಿಕ್ಕಿಕೊಳ್ಳುತ್ತದೆ, ಆದ್ದರಿಂದ ಅಂಕಿ ಮಾತ್ರ ದಪ್ಪಕ್ಷರದಲ್ಲಿರಲಿ. ಇನ್ನು, ಪಂಜರ ಏಕೆ? ಕನ್ನಡದ ಬಾಯಲ್ಲಿ ಅದು ಹಂಜರವಾಗಿ ಎಷ್ಟು ಕಾಲವಾಯಿತು! ಬಸವಣ್ಣನವರ ವಚನದ ಗಿಳಿ ಇರುವುದೂ ಹಂಜರದಲ್ಲೇ. ಪಕಾರ ಹಕಾರವಾದ ಮೇಲೆ ಪದ ನಮ್ಮದು.

ಮ. ನಾ.:
ಹಂಜರ ಎಂದು ಅಚ್ಚಾದರೆ ಅಂಗಡಿಯವನು ಪ್ರತಿ ಹಾಳೆಯಲ್ಲೂ ಪೆನ್ನಿನಿಂದ ‘ಪಂ’ ಎಂದು ತಿದ್ದಿಕೊಡುತ್ತಾನೆ. ಪಂಜರ ಇರಲಿ, ಮುಂದಿನದು.

ಗ. ಕು.:
2ಕ್ಕೆ ಅಡ್ಡಗೋಲು. ಆದೇಶ ಸಂಧಿ, ಅಚ್ಚಗನ್ನಡ, ಮುಗಿಯಿತು.

ಮ. ನಾ.:
ಮುಗಿಯಲಿಲ್ಲ. ಕೋಲು ಎಂದರೆ ಜನ ಪೊರಕೆಯ ಹಿಡಿ ಕತ್ತರಿಸಿ ಹಾಕುತ್ತಾರೆ. ಪಂಜರದ ಜೊತೆ ಬರುವ ನುಣುಪಾದ ಪ್ಲಾಸ್ಟಿಕ್ ಕೋಲಿನ ದೋಷವೂ ಅದೇ: ದಪ್ಪ ಎಲ್ಲ ಕಡೆ ಒಂದೇ, ಹಾಗಾಗಿ ಭಾರವೆಲ್ಲ ಅಂಗಾಲಿನ ಒಂದೇ ಜಾಗದ ಮೇಲೆ ಬಿದ್ದು ಚರ್ಮ ಕೆಂಪಾಗುತ್ತದೆ, ಆಮೇಲೆ ಹುಣ್ಣು. ‘ಕೊಂಬೆ’ ಎಂದು ಬರೆಯಿರಿ. ಸೀಬೆ ಅಥವಾ ಬೇವಿನದು, ಔಷಧಿ ಹೊಡೆಯದ ಮರದ್ದು, 10ರಿಂದ 15 ಮಿ.ಮೀ. ದಪ್ಪ, ತೊಗಟೆ ಸಮೇತ. ಬೆರಳುಗಳು ಕೊಂಬೆಯನ್ನು ಪೂರಾ ಸುತ್ತಿ ಒಂದಕ್ಕೊಂದು ಮುಟ್ಟಬಾರದು. ಮುಟ್ಟಿದರೆ ಕೊಂಬೆ ಸಣ್ಣದಾಯಿತು. ಕಾಳಿನ ಬಟ್ಟಲಿನ ನೇರಕ್ಕೆ ಮೇಲೆ ಕಟ್ಟಬಾರದು, ಹಿಕ್ಕೆ ಬೀಳುತ್ತದೆ. ಉಗುರು ಸವೆಯಲೆಂದು ಮಾರುವ ಮರಳುಕಾಗದದ ಕವಚವೂ ಬೇಡ. ಅದು ಉಗುರಿಗಿಂತ ಮೊದಲು ಅಂಗಾಲನ್ನು ಸವೆಸುತ್ತದೆ.

ಗ. ಕು.:
ಕೊಂಬೆ ಮರದಲ್ಲಿರುವುದು. ಕಡಿದು ತಂದ ಮೇಲೆ ಅದು ಕಡ್ಡಿ. ವ್ಯತ್ಯಾಸ ಗೊತ್ತಿಲ್ಲದವರ ಜೊತೆ ವಾದವಿಲ್ಲ.

ಶಾ. ಹೆ.:
3ಕ್ಕೆ ಸಮುದ್ರಫೇನ. ಆಯುರ್ವೇದದ ಹಳೆಯ ಹೆಸರು, ಗ್ರಂದಿಗೆ ಅಂಗಡಿಯಲ್ಲಿ ಇದೇ ಹೆಸರಿಗೆ ಸಿಗುತ್ತದೆ. ‘ಮೀನಿನ ಮೂಳೆ’ ಎಂದು ದಯವಿಟ್ಟು ಬರೆಯಬೇಡಿ. ಅದು ಮೀನಲ್ಲ, ಬೊಂಡಾಸಿನ (ಸ್ಕ್ವಿಡ್) ಬಳಗದ ಪ್ರಾಣಿ; ಮೂಳೆಯೂ ಅಲ್ಲ, ಒಳಗೆ ಬೆಳೆಯುವ ಸುಣ್ಣದ ಚಿಪ್ಪು. ಮೂಳೆ ಎಂದರೆ ಯಾರಾದರೂ ಸಾರಿನ ಮೀನಿನ ಮುಳ್ಳನ್ನೇ ತೂಗುಹಾಕಿಯಾರು.

ಗ. ಕು.:
ಸಮುದ್ರವೂ ಸಂಸ್ಕೃತ, ಫೇನವೂ ಸಂಸ್ಕೃತ. ಕಡಲನೊರೆ ಎನ್ನಲು ಏನು ಕಷ್ಟ? ತಮಿಳಿನವರು ಕಡಲ್ ನುರೈ ಎನ್ನುತ್ತಾರಲ್ಲ.

ಮ. ನಾ.:
ಅಂಗಡಿಗೆ ಹೋಗಿ ಕಡಲನೊರೆ ಕೇಳಿ ನೋಡಿ. ಸಮುದ್ರಫೇನವೇ ಸರಿ, ಆದರೆ ‘ಇಡಿಯಾದದ್ದು, ಪುಡಿಯಲ್ಲ’ ಎಂದು ಸೇರಿಸಿ. ಒಂದು ಮುಖ ಗಟ್ಟಿ, ಇನ್ನೊಂದು ಉಗುರಿನಿಂದ ಗೀರಿದರೆ ಹಿಟ್ಟಾಗಿ ಉದುರುತ್ತದೆ. ಆ ಉದುರುವ ಮುಖ ಕೊಕ್ಕಿನ ಕಡೆಗಿರಬೇಕು.

4ರಲ್ಲಿ ‘ಗೂಡು ಇಡಬೇಡಿ’ ಎಂದರೆ ಅನಾಹುತ. ಕೋಳಿಗೂಡು ಎನ್ನುವ ನಾಡಿನಲ್ಲಿ ಪಂಜರವನ್ನೂ ಗೂಡು ಅಂತಲೇ ಕರೆಯುತ್ತಾರೆ. ಅಂಗಡಿಯವರು ಪಂಜರದ ಜೊತೆ ದಾಟಿಸುವುದು ಪಕ್ಕದಲ್ಲಿ ತೂತಿರುವ ಮಡಕೆ. ಅದನ್ನೇ ಹೆಸರಿಸಿ: ‘ಮೊಟ್ಟೆಯಿಡುವ ಮಡಕೆ, ಪೆಟ್ಟಿಗೆ ಬೇಡ’. ಬಡ್ಜಿ ಮಲಗುವುದು ಕೊಂಬೆಯ ಮೇಲೆ. ಕತ್ತಲೆಯ ಪೊಟರೆ ಕಂಡರೆ ಒಂಟಿ ಹೆಣ್ಣೂ ಮೊಟ್ಟೆಯಿಡಲು ತೊಡಗುತ್ತದೆ. ಮೈಯ ಸುಣ್ಣವೆಲ್ಲ ಚಿಪ್ಪಿಗೆ ಹೋಗಿ, ಕೊನೆಗೆ ಮೊಟ್ಟೆ ಒಳಗೇ ಸಿಕ್ಕಿಕೊಂಡು ಸಾಯುವುದುಂಟು.

ಪ. ಸ.:
ಇಷ್ಟೆಲ್ಲ ಮಾಡಿ ತಲೆಬರಹದಲ್ಲಿ ‘ಬಡ್ಜಿ’ ಎಂದರೆ ಯಾರಿಗೆ ತಿಳಿಯುತ್ತದೆ? ಊರೆಲ್ಲ ಲವ್ ಬರ್ಡ್ಸ್ ಅನ್ನುವುದು. ಅಕ್ಷರ ಜೋಡಿಸುವವರು ಬಜ್ಜಿ ಮಾಡದಿದ್ದರೆ ಪುಣ್ಯ.

ಶಾ. ಹೆ.:
ಲವ್ ಬರ್ಡ್ ಆಫ್ರಿಕಾದ್ದು, ಬಡ್ಜಿ ಆಸ್ಟ್ರೇಲಿಯಾದ್ದು. ಎರಡನ್ನೂ ಒಂದೇ ಪಂಜರಕ್ಕೆ ಬಿಟ್ಟರೆ ಮೊದಲನೆಯದು ಎರಡನೆಯದರ ಕಾಲು ಕಚ್ಚುತ್ತದೆ. ‘ಲವ್ ಬರ್ಡ್ಸ್ ಎಂದು ಮಾರುವ ಬಡ್ಜಿ’ ಎಂದು ಒಂದೇ ಒಂದು ಸಲ ಬರೆಯಿರಿ, ಸಾಕು.

ಗ. ಕು.:
ಇಂಗ್ಲಿಷ್ ಪದ ಹಾಗೇ ಉಳಿಸಿಕೊಳ್ಳುವುದಾದರೆ ಕನ್ನಡದಲ್ಲಿ ಕರಪತ್ರವೇಕೆ? ‘ಪುಟ್ಟಗಿಳಿ’ ಸಾಲದೇ?

ಶಾ. ಹೆ.:
ಇಂಗ್ಲಿಷ್ ಪದ ಎಂದವರು ಯಾರು? ಬಡ್ಜರಿಗಾರ್ ಎಂಬುದು ನ್ಯೂ ಸೌತ್ ವೇಲ್ಸ್‌ನ ಮೂಲನಿವಾಸಿಗಳ ಗಮಿಲರಾಯ್ ನುಡಿಯಿಂದ ಬಂದದ್ದು. 1840ರಲ್ಲಿ ಪಕ್ಷಿತಜ್ಞ ಜಾನ್ ಗೌಲ್ಡ್ ಜೀವಂತ ಹಕ್ಕಿಗಳನ್ನು ಇಂಗ್ಲೆಂಡಿಗೆ ತಂದ. ಹೆಸರನ್ನು ಇಂಗ್ಲಿಷರೂ ಕಡ ತಂದವರೇ, ವಾಪಸು ಕೊಡಲಿಲ್ಲ.

ಗ. ಕು.:
ಅವರು ಕದ್ದರೆ ನಾವೂ ಕದಿಯಬೇಕೆಂಬ ತರ್ಕ. ಒಳ್ಳೆಯದು.

ವಿ. ರಾ.:
ಕದಿಯುವ ಮಾತು ಆಮೇಲೆ. 5ಕ್ಕೆ ‘ಹೊಗೆ’ ಹಾಕಿದ್ದೇನೆ, ಆಗಬಹುದೇ? ಇನ್ನೊಂದು, ‘ದಿನಕ್ಕೆ ಒಂದೂವರೆಯಿಂದ ಎರಡು ಟೀ ಚಮಚ ನವಣೆ, ಬರಗು, ಹಸ್ಕ್ ಊದಿ ತೆಗೆಯಿರಿ’ ಎಂದಿದೆ. ಸಿಪ್ಪೆಯೋ ಹೊಟ್ಟೋ?

ಮ. ನಾ.:
ಹೊಟ್ಟು. ಸಿಪ್ಪೆ ಹಣ್ಣಿನದು. ಏಕೆ ಊದಬೇಕೆಂದೂ ಬರೆಯಿರಿ: ಬಡ್ಜಿ ಕಾಳನ್ನು ಸುಲಿದು ಹೊಟ್ಟನ್ನು ಬಟ್ಟಲಿಗೇ ಬಿಡುತ್ತದೆ. ನೋಡಿದವರಿಗೆ ಬಟ್ಟಲು ತುಂಬಿದೆ, ಹಕ್ಕಿಗೆ ಉಪವಾಸ.

ಹೊಗೆ ತಪ್ಪು. ನಾನ್‌ಸ್ಟಿಕ್ ಕಾವಲಿ ಬರಿದೇ ಕಾದು ವಿಪರೀತ ಬಿಸಿಯಾದಾಗ ಹೊರಡುವುದು ಕಣ್ಣಿಗೆ ಕಾಣದು, ಮೂಗಿಗೂ ತಿಳಿಯದು. ಹೊಗೆ ಎಂದು ಓದಿದವರು ಹೊಗೆ ಕಂಡ ಮೇಲೆ ಕಿಟಕಿ ತೆರೆಯುತ್ತಾರೆ, ಅಷ್ಟರಲ್ಲಿ ಹಕ್ಕಿ ಹೋಗಿರುತ್ತದೆ. ‘ಕಾಣದ ವಿಷಗಾಳಿ’ ಎನ್ನಿ. ‘ದೂರವಿಡಿ’ಯೂ ಸಾಲದು, ‘ಅಡುಗೆಮನೆಯಲ್ಲಿ ಪಂಜರ ಇಡಲೇಬೇಡಿ’ ಎಂದಿರಲಿ.

ಗ. ಕು.:
ವಿಷ ಸಂಸ್ಕೃತ. ನಂಜುಗಾಳಿ.

ಮ. ನಾ.:
ನಂಜು ಎಂದರೆ ಹಳ್ಳಿಯ ಕಡೆ ಗಾಯ ಕೀವಾಗುವುದು. ಆದರೂ ಗಾಳಿಯ ಜೊತೆ ಸೇರಿದರೆ ಅರ್ಥ ಕೆಡುವುದಿಲ್ಲ. ಇದೊಂದನ್ನು ಒಪ್ಪಿದೆ.

ವಿ. ರಾ.:
ಸಂದು, ಕೊಂಬೆ, ಇಡಿ ಸಮುದ್ರಫೇನ, ಮೊಟ್ಟೆಯಿಡುವ ಮಡಕೆ, ಹೊಟ್ಟು, ನಂಜುಗಾಳಿ. ಕರಡು ಕಳಿಸಿಯಾಯಿತು.

ಗ. ಕು.:
ಕೊಂಬೆ ಅಲ್ಲ, ಕಡ್ಡಿ.